ಆರನೇ ಕಿಲೋಮೀಟರಿನ ಟಗರು

ಓಡುವವರಲ್ಲಿ ಎರಡು ಬಗೆಯವರಿದ್ದಾರೆ. ಕಾಲಿನಲ್ಲಿ ಓಡುವವರು, ಬಾಯಲ್ಲಿ ಓಡುವವರು. ನಾನು ಇವೆರಡಕ್ಕೂ ಸೇರದೆ ಡೈರಿಯಲ್ಲಿ ಓಡುವವಳು. ರಸ್ತೆಯ ಮೇಲೆ ನನ್ನನ್ನು ಕಂಡವರು ಅದನ್ನು ಓಟವೆಂದು ಒಪ್ಪುವುದಿಲ್ಲ. ಒಮ್ಮೆ ಒಬ್ಬ ಆಟೋದವನು ನನ್ನ ಪಕ್ಕದಲ್ಲೇ ಗಾಡಿ ನಿಧಾನಿಸಿ, "ಬಸ್ ಮಿಸ್ಸಾಯ್ತಾ ಮೇಡಂ? ಹತ್ಕೊಳಿ, ಮುಂದಿನ ಸ್ಟಾಪಲ್ಲಿ ಹಿಡ್ಕೊಡ್ತೀನಿ" ಎಂದು ಕನಿಕರದಿಂದ ಹೇಳಿದ್ದ. ಆದರೆ ಮನೆಗೆ ಬಂದು ಸ್ನಾನ ಮಾಡಿ, ಕಾಫಿ ಹಿಡಿದು ಡೈರಿ ತೆರೆದೆನೆಂದರೆ ಅದೇ ಓಟಕ್ಕೆ ರೆಕ್ಕೆ ಬರುತ್ತದೆ. ಗಾಳಿ ಬೀಸುತ್ತದೆ, ಹಕ್ಕಿಗಳು ಕೂಗುತ್ತವೆ, ಉಸಿರು ಲಯಬದ್ಧವಾಗುತ್ತದೆ. ಆಟೋದವನು ಅಲ್ಲಿ ಬರುವುದೇ ಇಲ್ಲ.

ನಾನು ಓದಿದ್ದು ಇತಿಹಾಸದ ಎಂ.ಎ. ಆಧಾರವಿಲ್ಲದೆ ಏನನ್ನೂ ನಂಬಬಾರದು, ಒಂದೇ ಆಧಾರವಿದ್ದರೆ ಅನುಮಾನಿಸಬೇಕು, ಎರಡಿದ್ದರೆ ಅವೆರಡೂ ಒಂದೇ ಕಡೆಯಿಂದ ಬಂದವೇ ಎಂದು ನೋಡಬೇಕು ಎಂದೆಲ್ಲ ನಮ್ಮ ಮೇಷ್ಟ್ರು ತಲೆಗೆ ತುಂಬಿದ್ದರು. ಅಷ್ಟೆಲ್ಲ ತುಂಬಿಸಿಕೊಂಡವಳಿಗೆ ಕೆಲಸ ಸಿಕ್ಕಿದ್ದು ಬೊಮ್ಮಸಂದ್ರದ ಕಡೆಯ ಒಂದು ಬೇರಿಂಗ್ ಕಾರ್ಖಾನೆಯಲ್ಲಿ. ಅಳತೆಯ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಿ, 'ಇದು ಸರಿಯಾಗಿ ಅಳೆಯುತ್ತದೆ' ಎಂಬ ಹಸಿರು ಚೀಟಿ ಅಂಟಿಸುವ ವಿಭಾಗ. ಇಪ್ಪತ್ತು ವರ್ಷದಿಂದ ಅಂಟಿಸುತ್ತಿದ್ದೇನೆ. ನನ್ನ ನೆನಪಿಗೆ ಮಾತ್ರ ಅಂಥ ಚೀಟಿ ಅಂಟಿಸುವ ಧೈರ್ಯ ನನಗೆ ಈವರೆಗೆ ಬಂದಿಲ್ಲ. ನಮ್ಮ ಮದುವೆಯ ಮುಹೂರ್ತದಲ್ಲಿ ಕರೆಂಟು ಹೋಗಿತ್ತು, ಗ್ಯಾಸ್‌ಲೈಟಿನ ಬೆಳಕಿನಲ್ಲಿ ತಾಳಿ ಕಟ್ಟಿದರು ಎಂದು ನಾನು ಹನ್ನೆರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ, ಹೇಳುವಾಗ ಒಂದೆರಡು ಸಲ ಕಣ್ಣೂ ತೇವವಾಗಿತ್ತು. ಒಂದು ದಿನ ಆಲ್ಬಂ ತೆಗೆದು ನೋಡಿದರೆ ಮಂಟಪದ ತುಂಬ ಟ್ಯೂಬ್‌ಲೈಟುಗಳು ಝಗಮಗಿಸುತ್ತಿವೆ, ಫ್ಯಾನಿನ ಗಾಳಿಗೆ ಪುರೋಹಿತರ ಶಲ್ಯ ಹಾರುತ್ತಿದೆ. ಕರೆಂಟು ಹೋದದ್ದು ನನ್ನ ನಾದಿನಿಯ ಮದುವೆಯಲ್ಲಂತೆ. ಅಂದಿನಿಂದ ನೆನಪನ್ನು ನೆಚ್ಚದೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ಆ ಡೈರಿ ಬರೆಯುವವಳೂ ನಾನೇ ಎಂಬ ವಿಷಯ ಹೊಳೆಯಲು ಇನ್ನಷ್ಟು ವರ್ಷ ಬೇಕಾದವು.

ನಮ್ಮ ಅಪಾರ್ಟ್‌ಮೆಂಟು ಎಲೆಕ್ಟ್ರಾನಿಕ್ ಸಿಟಿಯ ಆಚೆಗಿದೆ. ಹೋದ ವರ್ಷ ಇಲ್ಲೊಂದು ಓಟದ ಗುಂಪು ಹುಟ್ಟಿತು. ಹುಟ್ಟಿಸಿದವರು ಆರನೇ ಮಹಡಿಯ ಪ್ರಕಾಶ್. ಅವರು ಕೈಗಡಿಯಾರವನ್ನು ಸಮಯ ನೋಡಲು ಕಟ್ಟುವುದಿಲ್ಲ. ಅದು ಎದೆಬಡಿತ ಎಣಿಸುತ್ತದೆ, ಹೆಜ್ಜೆ ಎಣಿಸುತ್ತದೆ, ಓಡಿದ ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ಬರೆಯುತ್ತದೆ, ಬೇರೆಯವರ ಗೆರೆಯನ್ನು ತುಂಬಿಕೊಂಡರೆ ಎಲ್ಲಿ ಎಡಕ್ಕೆ ಎಲ್ಲಿ ಬಲಕ್ಕೆ ಎಂದು ಕಿವಿಯಲ್ಲಿ ಹೇಳುತ್ತದೆ. ಗುಂಪಿಗೆ ಸೇರಿದವರೆಲ್ಲ ತಮ್ಮ ಹಳೆಯ ಓಟದ ಲೆಕ್ಕವನ್ನೂ ಆ್ಯಪಿಗೆ ಸೇರಿಸಬೇಕೆಂದು ಅವರು ಹೇಳಿದಾಗ, ನಾನೂ ಮಗಳು ಕೊಡಿಸಿದ ಗಡಿಯಾರದಲ್ಲಿದ್ದದ್ದನ್ನೆಲ್ಲ ಸುರಿದೆ. ಮರುದಿನ ಲಿಫ್ಟಿನ ಪಕ್ಕದ ನೋಟೀಸ್ ಬೋರ್ಡಿನಲ್ಲಿ 'ಅತಿ ವೇಗದ ಒಂದು ಕಿಲೋಮೀಟರ್' ಎಂಬ ಪಟ್ಟಿ ಬಂತು. ಮೊದಲ ಹೆಸರು ನನ್ನದು. ಐದು ನಿಮಿಷ ನಲವತ್ತು ಸೆಕೆಂಡು. ಎರಡನೆಯದು ಪ್ರಕಾಶ್, ಐದು ಐವತ್ತೆರಡು.

ಈ ಪಟ್ಟಿ ನನಗೆ ಏನಾಗಿತ್ತೆಂದು ಹೇಳದಿದ್ದರೆ ಮುಂದಿನ ಕಥೆ ನಿಮಗೆ ಹಗುರವಾಗಿ ಕಾಣಬಹುದು. ಶಾಲೆಯಲ್ಲಿ ಓಟದ ಪಂದ್ಯವಿದ್ದ ದಿನ ಪಿ.ಟಿ. ಮೇಷ್ಟ್ರು ನನ್ನನ್ನು ಕರೆದು ಕೈಗೆ ಸುಣ್ಣದ ಪುಡಿಯ ಬಕೆಟ್ಟು ಕೊಡುತ್ತಿದ್ದರು. ಗೆರೆ ಎಳೆಯುವುದು ನನ್ನ ಪಾಲು, ಅದರ ಮೇಲೆ ಓಡುವುದು ಬೇರೆಯವರ ಪಾಲು. ನಲವತ್ತೇಳನೇ ವಯಸ್ಸಿನಲ್ಲಿ ಒಂದು ಪಟ್ಟಿಯ ಮೇಲ್ತುದಿಯಲ್ಲಿ ನನ್ನ ಹೆಸರು ಬಂದಾಗ, ಲಿಫ್ಟು ಬಂದರೂ ಹತ್ತದೆ ಮೂರು ಸಲ ಬಿಟ್ಟೆ. ಆಮೇಲಾಮೇಲೆ ಕಾರಣವಿಲ್ಲದೆ ಕೆಳಗಿಳಿದು ಹೋಗಿ ಓದಿ ಬರುತ್ತಿದ್ದೆ. ಅದರ ಬಲದ ಮೇಲೆಯೇ ಗುಂಪು ನನ್ನನ್ನು ದಾರಿ ಗೊತ್ತುಮಾಡುವವಳನ್ನಾಗಿ ನೇಮಿಸಿತು. ಪ್ರತಿ ಭಾನುವಾರ ಎಲ್ಲಿ ಓಡಬೇಕೆಂದು ಹೇಳುವುದು ನನ್ನ ಅಧಿಕಾರ. ಪ್ರಕಾಶ್ ಮಾತ್ರ ಒಂದು ಸಂಜೆ ಬೋರ್ಡಿನ ಮುಂದೆ ಸಿಕ್ಕಿದಾಗ ತುಂಬ ವಿನಯದಿಂದ ಕೇಳಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ದು ಎಲ್ಲಾ ಕಿಲೋಮೀಟರೂ ಒಂಬತ್ತು ನಿಮಿಷ ಇದೆ. ಅವತ್ತಿನ ಆರನೇದು ಮಾತ್ರ ಹೇಗೆ ಐದು ನಲವತ್ತು?"

"ಅವತ್ತು ದಾರಿ ಚೆನ್ನಾಗಿತ್ತು" ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಲಿಲ್ಲ. ಡೈರಿಯಲ್ಲಿ ಹಾಗೇ ಬರೆದಿತ್ತು.

ಅದು ಮೂರು ವರ್ಷದ ಹಿಂದೆ, ಆನೇಕಲ್ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬಳೇ ಓಡಿದ ಓಟ. ಆ ಕಾಲದಲ್ಲಿ ನಾನು ಹೊರದೇಶದವರು ಓಡುವ ವಿಡಿಯೋಗಳನ್ನು ನೋಡುವ ಚಟಕ್ಕೆ ಬಿದ್ದಿದ್ದೆ. ಒಂದು ಪಕ್ಕ ಬಂಡೆಗೆ ಅಪ್ಪಳಿಸುವ ಕಡಲು, ಇನ್ನೊಂದು ಪಕ್ಕ ಮೊಣಕಾಲೆತ್ತರದ ನೇರಳೆ ಹೂವಿನ ಕುರುಚಲು ಬಯಲು, ನಡುವೆ ಕಾಲುದಾರಿಯಲ್ಲಿ ಒಬ್ಬಳು ಕೂದಲು ಹಾರಿಸಿಕೊಂಡು ಓಡುತ್ತಿರುತ್ತಾಳೆ. ನಮ್ಮಲ್ಲೇನು ಕಡಿಮೆ ಎಂದು ನನಗೆ ಛಲ ಹುಟ್ಟಿತು. ಕಡಲಿನ ಬದಲು ಕೆರೆ, ಕುರುಚಲು ಬಯಲಿನ ಬದಲು ಗೋಮಾಳ, ನೇರಳೆ ಹೂವಿನ ಬದಲು ತಂಗಡಿಯ ಹಳದಿ ಹೂವು. ನಮ್ಮ ಕೆಲವು ಕೆರೆಗಳಲ್ಲಿ ನೊರೆಯೂ ಏಳುತ್ತದೆ, ಕಡಲಿನಲ್ಲಿ ಅಷ್ಟು ಎದ್ದೀತೇ? ಹೀಗೆ ಲೆಕ್ಕ ಹಾಕಿ ನಮ್ಮ ಮನೆಯವರ ಕಾರಿನಲ್ಲಿ ಆ ಹಳ್ಳಿಯ ಕೆರೆಯ ತೂಬಿನ ಹತ್ತಿರ ಇಳಿದು ಓಡಿದ್ದೆ. ಅವರು ಕಾರು ತೆಗೆದುಕೊಂಡು ಓಟ ಮುಗಿಯುವ ಬಸ್ ನಿಲ್ದಾಣದ ಹೋಟೆಲಿಗೆ ಹೋಗಿ ಇಡ್ಲಿ ತಿನ್ನುತ್ತ ಕೂತಿದ್ದರು. ಅಂದಿನ ಡೈರಿಯ ಸಾಲುಗಳು ನನಗೆ ಬಾಯಿಪಾಠ: 'ಏರಿಯ ಮೇಲೆ ತಂಪು ಗಾಳಿ. ಗೋಮಾಳ ದಾಟಿದ ಮೇಲೆ ದಾರಿ ಶಂಖದಂತೆ ಸುತ್ತಿ ಸುತ್ತಿ ಒಳಸರಿಯುತ್ತದೆ. ದೂರದಲ್ಲೊಂದು ಟಗರು ನನ್ನನ್ನೇ ನೋಡುತ್ತಿತ್ತು. ಒಬ್ಬ ಅಜ್ಜಿ ಕೈಯೆತ್ತಿ ನನ್ನನ್ನು ಹುರಿದುಂಬಿಸಿದಳು. ಅಲ್ಲಿಂದ ಮುಂದೆ ಹಾರಿದೆ.'

ಮಾಗಿಯ ಒಂದು ಭಾನುವಾರಕ್ಕೆ ನಾನು ಅದೇ ದಾರಿಯನ್ನು ಗೊತ್ತುಮಾಡಿದೆ. 'ಕಡಲು ಮತ್ತು ಬಯಲು' ಎಂದು ಹೆಸರಿಟ್ಟು, ಹಳೆಯ ಗೆರೆಯನ್ನು ಎಲ್ಲರ ಗಡಿಯಾರಕ್ಕೂ ಕಳಿಸಿದೆ. ನಕ್ಷೆಯಲ್ಲಿ ಆ ಸುತ್ತು ನಿಜಕ್ಕೂ ಇತ್ತು. ಉದ್ದಗೆರೆಯ ಮಧ್ಯೆ ಒಂದು ಪುಟ್ಟ ಶಂಖ, ಹೊರಗಿನಿಂದ ಒಳಕ್ಕೆ ಮೂರು ಸುತ್ತು. ಗುಂಪಿನಲ್ಲಿ ಎಲ್ಲರೂ ಅದನ್ನು ಮೆಚ್ಚಿದರು. ಇಂಥ ದಾರಿ ಎಲ್ಲಿ ಹುಡುಕಿದಿರಿ ಎಂದರು. ಡೈರಿ, ಗಡಿಯಾರ ಎರಡೂ ಒಂದೇ ಮಾತು ಹೇಳುತ್ತಿವೆ, ಎರಡು ಆಧಾರ ಸಿಕ್ಕಿತು ಎಂದು ಇತಿಹಾಸದ ವಿದ್ಯಾರ್ಥಿನಿ ನೆಮ್ಮದಿಯಾಗಿದ್ದಳು.

ಹತ್ತೊಂಬತ್ತು ಜನ ಕೆರೆಯ ಏರಿಯ ಮೇಲೆ ಹೊರಟೆವು. ನಮ್ಮ ಪಕ್ಕದ ಮನೆಯ ಜಲಜಾಕ್ಷಿ ಕುಂದಾಪುರದ ಕಡೆಯವರು, ಕಡಲು ಅಂದರೇನೆಂದು ಗೊತ್ತಿರುವ ಒಬ್ಬರೇ ಒಬ್ಬರು. ಏರಿ ಹತ್ತಿದೊಡನೆ ಅವರು ಸೊಂಟದ ಮೇಲೆ ಕೈಯಿಟ್ಟು ಅತ್ತಿತ್ತ ನೋಡಿದರು.

"ಎಂತ ಮಾರಾಯ್ತಿ, ಇದಾ ನಿನ್ನ ಕಡಲು? ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಂಡ ತೋಟದಲ್ಲಿ ಉಂಟು."

ನಾನು ಕೇಳಿಸದವಳಂತೆ ಓಡಿದೆ. ಆದರೂ ಬೆಳಗು ಚೆನ್ನಾಗಿತ್ತು, ಇದನ್ನು ಡೈರಿಯ ನೆರವಿಲ್ಲದೆಯೇ ಹೇಳಬಲ್ಲೆ. ಬೆಳ್ಳಕ್ಕಿಗಳಿದ್ದವು, ಇಬ್ಬನಿಯಿತ್ತು, ಗೋಮಾಳದಲ್ಲಿ ತಂಗಡಿ ಹೂವಿತ್ತು, ಆಚೆ ಬದಿಯಲ್ಲಿ ಯಾವುದೋ ಗೋಡೌನಿನ ನೀಲಿ ತಗಡಿನ ಮೇಲೆ ಬಿಸಿಲು ಬಿದ್ದು ಕಡಲಿನ ಹಾಗೆಯೇ ಹೊಳೆಯಿತು. ಜಲಜಾಕ್ಷಿಗೆ ಅದನ್ನು ತೋರಿಸಿದೆ. ಅವರು ಅದಕ್ಕೂ ಒಪ್ಪಲಿಲ್ಲ. ಐದು ಕಿಲೋಮೀಟರು ಹೀಗೇ ಹರಟುತ್ತ ಕಳೆಯಿತು. ಎಲ್ಲರಿಗಿಂತ ಮುಂದೆ ಪ್ರಕಾಶ್, ಕಿವಿಯಲ್ಲಿ ಗಡಿಯಾರದ ಮಾತು ಕೇಳುತ್ತ, ಎಲ್ಲರಿಗಿಂತ ಹಿಂದೆ ನಾನು.

ಗೋಮಾಳ ಮುಗಿದು ಊರಿನ ಅಂಚು ಬಂತು. ಅಲ್ಲೊಂದು ಮೂರು ಅಂತಸ್ತಿನ ಕಟ್ಟಡ, ಪ್ರತಿ ಬಾಗಿಲ ಮುಂದೆ ಕಾರ್ಖಾನೆಯ ಸಮವಸ್ತ್ರ ಒಣಗಲು ಹಾಕಿರುವ ಬಾಡಿಗೆ ಮನೆಗಳು. ಅದರ ಮುಂದೆ ಸಗಣಿ ಸಾರಿಸಿದ ದುಂಡನೆಯ ಕಣ. ಕಣದ ನಡುವೆ ಒಕ್ಕಣೆಯ ದನ ಕಟ್ಟುವ ಮೇಟಿಕಂಬ. ಸುತ್ತ ದಪ್ಪಗೆ ಹರಡಿದ ಹುರುಳಿ ಗಿಡ, ಕಾಯಿ ಸಮೇತ ಒಣಗಿ ಗರಿಗರಿಯಾಗಿತ್ತು. ದಾರಿ ಇದ್ದದ್ದು ಪಕ್ಕದಲ್ಲಿ, ನೇರವಾಗಿ. ಆದರೆ ಗಡಿಯಾರ ಪ್ರಕಾಶರ ಕಿವಿಯಲ್ಲಿ ಎಡಕ್ಕೆ ಎಂದಿತು. ಅವರು ಎಡಕ್ಕೆ ತಿರುಗಿ ಕಣ ಹೊಕ್ಕರು. ಮತ್ತೆ ಎಡಕ್ಕೆ ಎಂದಿತು. ಮತ್ತೆ ತಿರುಗಿದರು. ಇನ್ನೂ ಎಡಕ್ಕೆ. ಶಿಸ್ತಿನ ಮನುಷ್ಯ, ಒಂದು ಪ್ರಶ್ನೆ ಕೇಳಲಿಲ್ಲ. ಅವರ ಹಿಂದೆ ಹದಿನೇಳು ಜನ ಸಾಲಾಗಿ, ಹುರುಳಿಯ ಮೇಲೆ ಚರಚರ ಸದ್ದು ಮಾಡುತ್ತ, ಮೇಟಿಯ ಸುತ್ತ ಗುಂಡಗೆ ಓಡತೊಡಗಿದರು.

ನಾನು ಕಣದ ಅಂಚಿನಲ್ಲಿ ನಿಂತೆ. ಮೇಟಿಕಂಬದಲ್ಲಿ ಹಗ್ಗ ಉಜ್ಜಿ ಉಜ್ಜಿ ಸವೆದ ಒಂದು ಗುರುತಿತ್ತು. ಅದನ್ನು ನೋಡಿದ ಕ್ಷಣ ನನ್ನ ಡೈರಿಯ ಪುಟ ಕಣ್ಣೆದುರೇ ಹರಿದುಹೋಯಿತು. ಟಗರು ದೂರದಲ್ಲಿರಲಿಲ್ಲ. ಈ ಮೇಟಿಗೆ ಉದ್ದನೆಯ ಹಗ್ಗದಲ್ಲಿ ಕಟ್ಟಿತ್ತು. ಕಂಬದ ಹಿನ್ನೆಲೆಯಲ್ಲಿ ಕೆರೆ ಬರುವಂತೆ ಫೋಟೋ ತೆಗೆಯಲು ನಾನು ಕಣದೊಳಕ್ಕೆ ಕಾಲಿಟ್ಟಿದ್ದೆ. ಅದು ತಲೆ ಬಗ್ಗಿಸಿತ್ತು. ನಾನು ಮೇಟಿಯ ಸುತ್ತ ಓಡಿದ್ದೆ, ಅದು ನನ್ನ ಹಿಂದೆ ಓಡಿತ್ತು. ಕಣದಿಂದ ಆಚೆ ನಾಲ್ಕು ಹೆಜ್ಜೆ ಹಾಕಿದ್ದರೆ ಹಗ್ಗ ಅದನ್ನು ತಡೆಯುತ್ತಿತ್ತು. ಆದರೆ ಎಂ.ಎ. ಓದಿದವಳು ಹಗ್ಗದ ಅಳತೆಯೊಳಗೇ ಸುತ್ತು ಹಾಕುತ್ತ ಹೋದೆ. ಸುತ್ತಿದಂತೆಲ್ಲ ಹಗ್ಗ ಮೇಟಿಗೆ ಸುತ್ತಿಕೊಂಡು ಗಿಡ್ಡವಾಯಿತು, ಟಗರೂ ನಾನೂ ಇಬ್ಬರೂ ಒಳಕ್ಕೆ ಒಳಕ್ಕೆ ಸರಿದೆವು. ಗಡಿಯಾರ ಬರೆದ ಶಂಖ ಇದೇ. ಆಮೇಲೆ ಹೇಗೋ ಬಿಡಿಸಿಕೊಂಡು ಬಸ್ ನಿಲ್ದಾಣದ ಕಡೆ ಓಡಿದ್ದೆ, ಬೆನ್ನಿಗೆ ಬಿಸಿಯುಸಿರು ಬಿಡುತ್ತ ಆ ಟಗರು ಕೊನೆಯವರೆಗೂ ಅಟ್ಟಿಸಿಕೊಂಡು ಬಂದಿತ್ತು. ಆರನೇ ಕಿಲೋಮೀಟರು.

ಆಗಲೇ ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಬೋರ್ಡಿನ ಮೇಲ್ತುದಿಯಿಂದ ಇಳಿಯಬೇಕು, ಮತ್ತೆ ಸುಣ್ಣದ ಬಕೆಟ್ಟು. ಹಾಗಾಗಿ ನಿಂತು ನೋಡಿದೆ. ಎರಡನೇ ಸುತ್ತಿನಲ್ಲಿ ಜಾಗ ಕಿರಿದಾಗಿ ಒಬ್ಬರ ಬೆನ್ನಿಗೆ ಒಬ್ಬರು ತಾಗತೊಡಗಿದರು. ಮೂರನೇ ಸುತ್ತಿಗೆ ಹದಿನೆಂಟು ಜನ ಮೇಟಿಯನ್ನು ಅಪ್ಪಿಕೊಂಡು ಒಂದೇ ಮುದ್ದೆಯಾಗಿ ನಿಂತರು. ಮುದ್ದೆಯ ಒಳಗಿನಿಂದ ಪ್ರಕಾಶ್, "ಇಲ್ಲಿಂದ ಹೊರಗೆ ಹೋಗೋಕೆ ಇನ್ನೂ ಹೇಳ್ತಿಲ್ಲ ಇದು" ಎಂದರು.

ಬಾಡಿಗೆ ಮನೆಗಳ ಕಡೆಯಿಂದ ಮೊರ ಹಿಡಿದ ಒಬ್ಬ ಅಜ್ಜಿ ಬಂದರು. ಹೆಸರು ಪಿಳ್ಳಮ್ಮ ಎಂದು ಆಮೇಲೆ ತಿಳಿಯಿತು. ಆ ಮೂರು ಅಂತಸ್ತೂ ಅವರದೇ, ಕಣವೂ ಅವರದೇ. ಒಂದು ಕೈ ಮೇಲೆತ್ತಿದರು, ನನ್ನ ಡೈರಿಯಲ್ಲಿದ್ದ ಅದೇ ಕೈ.

"ಮೆಟ್ಟು ಬಿಡ್ರಪ್ಪೋ. ಕಣ ಅದು."

ಹದಿನೆಂಟು ಜನ ಒಮ್ಮೆಲೇ ಕಾಲು ನೋಡಿಕೊಂಡರು. ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂದು ಗೊತ್ತಿದ್ದವರಿಗೆ ನಾಚಿಕೆಯಾಯಿತು, ಗೊತ್ತಿಲ್ಲದವರು ಪಕ್ಕದವರನ್ನು ಕೇಳಿ ನಾಚಿಕೊಂಡರು. ತಲೆತಗ್ಗಿಸಿ ಹೊರಬಂದು ಬೂಟು ಬಿಚ್ಚಿ ಸಾಲಾಗಿ ಇಟ್ಟರು. ಹಸಿರು, ಕಿತ್ತಳೆ, ಗುಲಾಬಿ. ಬಂಗಡೆ ಮೀನಿನ ರಾಶಿಯನ್ನೂ ಇಷ್ಟು ಚೆಂದ ಜೋಡಿಸುವುದಿಲ್ಲ ಎಂದು ಜಲಜಾಕ್ಷಿ ಹೇಳಿದರು. ಪ್ರಕಾಶ್ ಕೈಮುಗಿದು ಕ್ಷಮೆ ಕೇಳಿದರು. ಪಿಳ್ಳಮ್ಮ ಅವರ ಕಡೆ ನೋಡಲಿಲ್ಲ. ಬಗ್ಗಿ ಒಂದು ಹಿಡಿ ಹುರುಳಿ ಗಿಡ ಎತ್ತಿ ಕೊಡವಿದರು. ಕಾಳು ಪಟಪಟ ಉದುರಿತು. ಅವರ ಮುಖ ಬದಲಾಯಿತು. ಹುರುಳಿ ತುಳಿಸಲು ಟ್ರಾಕ್ಟರಿನವನು ಬರುತ್ತೇನೆಂದು ಹೇಳಿ ಎರಡು ದಿನವಾಯಿತಂತೆ, ಫೋನೂ ಎತ್ತುತ್ತಿಲ್ಲವಂತೆ.

"ಬರಿಗಾಲಲ್ಲಿ ಇನ್ನೊಂದು ಇಪ್ಪತ್ತು ಸುತ್ತು ಓಡ್ರಪ್ಪ. ಆ ಕಡೆ ಅಂಚಲ್ಲಿ ಇನ್ನೂ ಒಡೆದಿಲ್ಲ."

ನಂಬುತ್ತೀರೋ ಇಲ್ಲವೋ, ಓಡಿದರು. ಕಾಲಿಗೆ ಚುಚ್ಚಿದರೆ ಅಯ್ಯೋ ಅಮ್ಮಾ ಎನ್ನುತ್ತ, ನಗುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಓಡಿದರು. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಗಂಡಹೆಂಡತಿ ತಿಂಗಳಿಂದ ಮಾತು ಬಿಟ್ಟವರು, ಇಲ್ಲಿ ಕೈಕೈ ಹಿಡಿದರು. ಬಾಡಿಗೆ ಮನೆಗಳ ಜಗಲಿಯ ಮೇಲೆ ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕರು ಹಲ್ಲುಜ್ಜುತ್ತ ನಿಂತು ಸುತ್ತು ಎಣಿಸಿದರು. ಪಿಳ್ಳಮ್ಮ ಹೊರಗೆ ನಿಂತು, ಹಿಂದೆ ಬಿದ್ದವರನ್ನು ಮೊರದಿಂದ ಗಾಳಿ ಹಾಕಿ ಮುಂದಕ್ಕೆ ಅಟ್ಟಿದರು. ನಾನೂ ಬೂಟು ಬಿಚ್ಚಿ ಗುಂಪಿನೊಳಗೆ ನುಸುಳಿದೆ. ಅಜ್ಜಿಯ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸಿದೆ. ಎರಡು ಸುತ್ತು ತಪ್ಪಿಸಿಕೊಂಡೆ. ಮೂರನೆಯದರಲ್ಲಿ ಮೊರ ನನ್ನ ಎದೆಗೆ ಅಡ್ಡ ಬಂತು.

"ನೀನಲ್ವಾ ತಾಯಿ? ನಮ್ ಟಗ್ರು ಜೊತೆ ಮೇಟಿ ಸುತ್ತಿದ್ದು? ಅವತ್ತೂ ಮೆಟ್ಟು ಬಿಡು, ಮೆಟ್ಟು ಬಿಡು ಅಂತ ಬಡ್ಕಂಡೆ. ಕೇಳ್ನೇ ಇಲ್ಲ ನೀನು."

ಡೈರಿಯಲ್ಲಿ ಹುರಿದುಂಬಿಸಿದ್ದ ಅಜ್ಜಿ ಹೀಗೆ ಮಾಯವಾದಳು. ಕಣ ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು, ಪ್ರಕಾಶ್ ಎಲ್ಲರಿಗಿಂತ ಹೆಚ್ಚು ನೋಡಿದರು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಅಲ್ಲದೆ, ಇಷ್ಟು ವರ್ಷದಲ್ಲಿ ಮೊದಲ ಸಲ ನೆನಪು ಪೂರ್ತಿ ತೊಳೆದು ಕೈಗೆ ಬಂದಿತ್ತು, ಅದನ್ನು ಹೇಳುವುದರಲ್ಲಿ ಒಂದು ಘನತೆ ಇದೆ ಎಂದೂ ಅನಿಸಿತು. ಬರಿಗಾಲಲ್ಲಿ, ಹುರುಳಿಯ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ದಾರಿ ಚೆನ್ನಾಗಿದ್ದದ್ದರಿಂದ ಓಡಿದ್ದಲ್ಲ, ಹಿಂದೆ ಟಗರಿತ್ತು. ಒಂದು ಕಿಲೋಮೀಟರು ಪೂರ್ತಿ ನನ್ನನ್ನು ಅಟ್ಟಿಸಿಕೊಂಡು ಬಂತು. ಆ ಐದು ನಲವತ್ತು ನನ್ನದಲ್ಲ, ಬೋರ್ಡಿನಿಂದ ನನ್ನ ಹೆಸರು ತೆಗೆದುಬಿಡಿ, ದಾರಿ ಗೊತ್ತುಮಾಡುವ ಕೆಲಸವನ್ನೂ ಬೇರೆಯವರಿಗೆ ಕೊಡಿ. ಹೇಳುತ್ತಿದ್ದ ಹಾಗೆ ಕಣ್ಣು ತೇವವಾಯಿತು. ಗ್ಯಾಸ್‌ಲೈಟಿನ ಮದುವೆ ಹೇಳುವಾಗ ಆಗಿದ್ದ ಹಾಗೆಯೇ. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು.

ಪಿಳ್ಳಮ್ಮ ಮೊರ ಕೆಳಗಿಟ್ಟರು.

"ಯಾವ ಟಗ್ರು ಇಂದೆ ಬಂತು?"

"ನಿಮ್ಮದೇ ಅಜ್ಜಿ. ಬಸ್ ಸ್ಟಾಪಿನವರೆಗೂ ಬಂತು."

"ಎಲ್ ಬಂತು? ಅಗ್ಗ ಎಲ್ಲಾ ಮೇಟಿಗೆ ಸುತ್ಕಂಡು ಅದು ಕಂಬಕ್ಕೆ ಕೆನ್ನೆ ಒತ್ಕಂಡು ನಿಂತಿತ್ತು ಪಾಪ, ಅಲ್ಲಾಡಕ್ಕೂ ಆಗ್ದಂಗೆ. ನಾನೇ ಬಿಡಿಸ್ದೆ, ಅರ್ಧ ಗಂಟೆ ಇಡೀತು. ನಿನ್ ಇಂದೆ ಯಾರೂ ಇರ್ಲಿಲ್ಲ ಕಣವ್ವ. ನೀನೊಬ್ಳೇ ಓಡ್ತಿದ್ದೆ. ಯಾಕೆ ಓಡ್ತವ್ಳೆ ಇವ್ಳು ಅಂತ ನಾವೆಲ್ಲಾ ನೋಡ್ತಾ ನಿಂತಿದ್ವಿ."

ಜಲಜಾಕ್ಷಿ ನಗಲು ಶುರುಮಾಡಿ ಹುರುಳಿಯ ಮೇಲೆಯೇ ಕೂತುಬಿಟ್ಟರು. ಅವರನ್ನು ನೋಡಿ ಉಳಿದವರು. ಪ್ರಕಾಶ್ ಮಾತ್ರ ನಗಲಿಲ್ಲ. ಅಳತೆಯ ವಿಷಯದಲ್ಲಿ ಅವರು ನನಗಿಂತ ಪ್ರಾಮಾಣಿಕರು. ಟಗರು ನಿಜವಾಗಿಯೂ ಹಿಂದಿರಲಿಲ್ಲವೇ ಎಂದು ಪಿಳ್ಳಮ್ಮನವರನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಜಗಲಿಯ ಮೇಲಿದ್ದ ಒಬ್ಬ ಹಳೆಯ ಬಾಡಿಗೆದಾರನೂ ಬಾಯಿಯ ನೊರೆ ಉಗಿದು ಬಂದು ಸಾಕ್ಷಿ ಹೇಳಿದ. ಪ್ರಕಾಶ್ ನನ್ನ ಕಡೆ ತಿರುಗಿದರು. ಅವರಿಗೆ ಅದನ್ನು ಹೇಳುವುದು ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು.

"ಹಾಗಾದ್ರೆ ಮೇಡಂ, ರೆಕಾರ್ಡ್ ನಿಮ್ದೇ."

ಬಸ್ ನಿಲ್ದಾಣದ ಹೋಟೆಲಿನಲ್ಲಿ ನಮ್ಮ ಮನೆಯವರು ಇಡ್ಲಿ ತಿನ್ನುತ್ತ ಕೂತಿದ್ದರು. ಎಲ್ಲವನ್ನೂ ಕೇಳಿ, ಅಂದು ನಾನು ಬಂದ ರಭಸ ನೋಡಿ ಹಿಂದೆ ಏನು ಬರುತ್ತಿದೆಯೆಂದು ತಾವೂ ಹೋಟೆಲಿನವರೂ ರಸ್ತೆಗೆ ಬಂದು ನೋಡಿದ್ದಾಗಿಯೂ ಏನೂ ಕಾಣಲಿಲ್ಲವೆಂದೂ ಹೇಳಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. "ನೀನು ಅಷ್ಟು ಖುಷಿಯಾಗಿ ಬರೀತಿದ್ದೆ, ಸುಧಾ" ಎಂದು ಇನ್ನೊಂದು ಇಡ್ಲಿ ಚಟ್ನಿಗೆ ಅದ್ದಿದರು.

ನನ್ನ ಹೆಸರು ಬೋರ್ಡಿನ ಮೇಲ್ತುದಿಯಲ್ಲೇ ಇದೆ. ದಾರಿ ಗೊತ್ತುಮಾಡುವ ಕೆಲಸವೂ ನನ್ನಲ್ಲೇ ಉಳಿದಿದೆ. ಸುಗ್ಗಿ ಮುಗಿಯುವವರೆಗೆ ಬೇರೆ ದಾರಿ ಯಾರಿಗೂ ಬೇಡವಾದ್ದರಿಂದ ಅದರಲ್ಲಿ ಹೆಚ್ಚಿನ ಶ್ರಮವಿಲ್ಲ. ಪಿಳ್ಳಮ್ಮ ಭಾನುವಾರಕ್ಕೆಂದೇ ಅವರೆ ಗಿಡವನ್ನೂ ಅಲಸಂದೆಯನ್ನೂ ಕಣದಲ್ಲಿ ಹರಡಿಡುತ್ತಾರೆ, ಕೊನೆಯಲ್ಲಿ ಎಲ್ಲರಿಗೂ ಮಜ್ಜಿಗೆ ಕೊಡುತ್ತಾರೆ. ಪ್ರಕಾಶ್ ಆ ಟಗರು ಈಗಲೂ ಇದೆಯೇ ಎಂದು ಗುಟ್ಟಾಗಿ ವಿಚಾರಿಸಿದರಂತೆ, ಮಾರಿಯಾಯಿತು ಎಂದಾಗ ಯಾರಿಗೆ ಮಾರಿದಿರಿ ಎಂದೂ ಕೇಳಿದರಂತೆ. ಅವರ ಐದು ಐವತ್ತೆರಡು ಹಾಗೇ ಇದೆ.

ನನ್ನ ದಾಖಲೆಯನ್ನು ನಾನೇ ಮುರಿಯಬೇಕೆಂದು ಪ್ರತಿ ವಾರವೂ ಕಣದಿಂದ ಬಸ್ ನಿಲ್ದಾಣದವರೆಗೆ ಜೀವ ಬಿಟ್ಟು ಓಡುತ್ತೇನೆ. ಬೆನ್ನಿಗೆ ಬಿಸಿಯುಸಿರು ತಾಗುತ್ತಿದೆ ಎಂದು ಕಲ್ಪಿಸಿಕೊಳ್ಳಲು ಎಷ್ಟೋ ಪ್ರಯತ್ನ ಮಾಡಿದೆ. ಆಗುತ್ತಿಲ್ಲ. ಹಿಂದೆ ಏನೂ ಇಲ್ಲವೆಂಬುದಕ್ಕೆ ಈಗ ನನ್ನ ಬಳಿ ಮೂರು ಸಾಕ್ಷಿಗಳಿದ್ದಾರೆ, ಮೂವರೂ ನಂಬಿಕಸ್ತರು. ಹೋದ ಭಾನುವಾರ ಒಂಬತ್ತು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ದಾರಿಯಲ್ಲಿ ಒಬ್ಬ ಆಟೋದವನು ಪಕ್ಕಕ್ಕೆ ಬಂದು ನಿಧಾನಿಸಿದ, ನಾನು ಅವನ ಕಡೆ ನೋಡದೆ ಕೈಯಾಡಿಸಿ ಕಳಿಸಿದೆ. ಡೈರಿಯಲ್ಲಿ ಆಟೋದವನನ್ನು ಮೊದಲ ಸಲ ಬರೆದಿಟ್ಟಿದ್ದೇನೆ, ಅವನು ನನ್ನನ್ನು ಹುರಿದುಂಬಿಸಿದನೆಂದು.